ಕರು ಒದ್ದ ತುಟಿ

ಮಗ್ಗೆ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಗಂಟಲು ಹರಿದುಕೊಂಡ ಗಂಗಾಮಣಿ ಟೀಚರ್, ನಿವೃತ್ತಿಯಾದ ಮೇಲೆ ಸುಮ್ಮನೆ ಕಾಫಿ ಕುಡಿದುಕೊಂಡು ಇರಬಹುದಿತ್ತು. ಇಲ್ಲ, ಪುಸ್ತಕ ಬರೆಯಬೇಕಂತೆ! ಅದೂ ಮೂಗು, ತುಟಿ, ಕಿವಿ ಸರಿಮಾಡಿಸಿಕೊಳ್ಳಲು ಡಾಕ್ಟರ ಕತ್ತರಿಗೆ ಮುಖ ಒಡ್ಡಿದ ಹೆಂಗಸರ ಕಥೆ. ಎಲ್ಲರೂ ಅದನ್ನು ಶೋಕಿ ಅನ್ನುತ್ತಾರೆ, ಆ ಹೆಂಗಸರು ಪಟ್ಟ ಪಾಡನ್ನು ಯಾರೂ ಕೇಳಿಲ್ಲ ಎಂಬುದು ಟೀಚರ ಸಿಟ್ಟು.

ಆದರೆ ಹೇಳುವವರು ಬೇಕಲ್ಲ? ಸಕಲೇಶಪುರದ ಹಾಜಿರಾಳ ಕಿವಿ ಓಲೆಯ ಭಾರಕ್ಕೆ ಹರಿದು ಜೋತಾಡುತ್ತಿದ್ದುದನ್ನು ಟೀಚರ್ ಕಣ್ಣಾರೆ ಕಂಡಿದ್ದರು. ಹೊಲಿಸಿಕೊಂಡು ಬಂದವಳು ಈಗ, "ಬೆಕ್ಕು ಪರಚಿತ್ತು ಮೇಡಂ, ತಾನೇ ಕೂಡ್ಕೊಂಡ್ಬುಡ್ತು" ಅನ್ನುತ್ತಾಳೆ. ಆಲೂರಿನ ಮುನಿಯಮ್ಮನ ಮಗಳ ಮೂಗಿಗೆ ಎಮ್ಮೆ ತಿವಿದಿತ್ತಂತೆ. ಈ ಸೀಮೆಯ ದನಕರುಗಳಿಗೆ ಹೆಂಗಸರ ಮುಖ ಬಿಟ್ಟರೆ ಬೇರೆ ಕೆಲಸವೇ ಇಲ್ಲವೇ?

ಉಳಿದವಳು ಪುಟ್ಟಲಕ್ಷ್ಮಿ, ಅವರದೇ ಶಿಷ್ಯೆ. ಹುಟ್ಟಿನಿಂದ ಸೀಳುತುಟಿ. ಹೈಸ್ಕೂಲು ಮುಗಿದ ಮೇಲೆ ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ದೋಣಿಗಲ್ಲಿನ ಪ್ರದೀಪನನ್ನು ಮದುವೆಯಾಗಿದ್ದಳು. ಎರಡು ಸಾವಿರನೇ ಇಸವಿಯ ಮಳೆ ಕಡಿಮೆಯಾಗುತ್ತಿದ್ದಂತೆ ಟೀಚರ್ ಬಸ್ಸು ಹತ್ತಿ ಅಲ್ಲಿಗೆ ಹೋದರು.

ಪುಟ್ಟಲಕ್ಷ್ಮಿಯ ತೊಡೆಯ ಮೇಲೆ ಹೆಣ್ಣುಕೂಸು. ಅದರ ಮೇಲ್ದುಟಿಯೂ ಸೀಳಿತ್ತು. ಚಮಚದಲ್ಲಿ ಹಾಕಿದ ಹಾಲೆಲ್ಲ ಸೋರುತ್ತಿತ್ತು. ಆಪರೇಷನ್ನಿಗೆ ಸೋಮವಾರ ಬನ್ನಿ ಎಂದಿದ್ದರು ಡಾಕ್ಟರು. ಅವ್ವ ಒಪ್ಪದೆ ಪ್ರದೀಪ್ ಹೊಸಿಲು ದಾಟುವವನಲ್ಲ. ಅವ್ವ ಚೌಡಮ್ಮ ಕಂಬಕ್ಕೆ ಒರಗಿ ಅಲ್ಲೇ ಕೂತಿದ್ದಳು.

"ಹೋದೊರ್ಸ ಗ್ರಹಣ ಹಿಡ್ದಾಗ ಏನೂ ಹೆಚ್ಬ್ಯಾಡ ಕಣೇ ಅಂತ ಬಡ್ಕಂಡೆ. ಬದನೆಕಾಯಿ ಹೆಚ್ತಾ ಕೂತ್ಲು. ಗ್ರಹಣ ಕೊಟ್ಟಿದ್ದಕ್ಕೆ ಕತ್ತಿ ಹಾಕ್ಸಿದ್ರೆ ಕೂಸು ಉಳೀತದಾ ಮೇಡಂ?"

ಟೀಚರ್ ಪುಟ್ಟಲಕ್ಷ್ಮಿಯತ್ತ ತಿರುಗಿದರು. "ನಿನ್ನ ಕಥೆ ಹೇಳಮ್ಮ."

"ನಂದೇನೈತೆ ಮೇಡಂ? ಚಿಕ್ಕೋಳಿದ್ದಾಗ ಕರು ಒದ್ದಿತ್ತು, ಅಷ್ಟೇಯ." ಹೆಣ್ಣು ನೋಡಲು ಬಂದಾಗ ತೌರಿನವರು ಹೇಳಿಕೊಟ್ಟ ಮಾತು. ಅವಳ ಕಣ್ಣು ಮಾತ್ರ ಗುಟ್ಟು ಬಿಡಬೇಡಿ ಎಂದು ಬೇಡಿಕೊಳ್ಳುತ್ತಿತ್ತು.

ಟೀಚರಿಗೆ ಮೈಯೆಲ್ಲ ಉರಿಯಿತು. ನಿಜ ಹೇಳಲು ಅವರ ನಾಲಿಗೆ ತುರಿಸುತ್ತಿತ್ತು. ಆದರೆ ಸಂಸಾರ ಅವಳದು. ಮುರಿದರೆ ಕೂಡಿಸಿಕೊಡುವವರು ಯಾರು? ಪೆನ್ನಿಗೆ ಮುಚ್ಚಳ ಹಾಕಿ ಎದ್ದರು.

"ಆಯ್ತಮ್ಮ. ನಾಳೆ ನಿನ್ನ ಮಗಳಿಗೆ ಯಾವ ಕರುವಿನ ಕಥೆ ಕಟ್ಟುತ್ತೀಯೋ ಕಟ್ಟು."

ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಕೂಸಿಗೆ ನೆತ್ತಿಗೆ ಹತ್ತಿ ಹಾಲೆಲ್ಲ ಆಚೆ ಬಂತು. ಪುಟ್ಟಲಕ್ಷ್ಮಿ ಅದರ ಬಾಯಿ ಒರೆಸಿದಳು.

"ಕರು ಒದೀಲಿಲ್ಲ ಅತ್ತೆ. ನಾನೂ ಹಿಂಗೇ ಹುಟ್ಟಿದ್ದು. ನಮ್ಮವ್ವ ಗ್ರಹಣದಲ್ಲಿ ಬಾಗ್ಲೇ ತೆಗ್ದೋಳಲ್ಲ. ಕತ್ತಿ ಹಾಕುಸ್ಕಂಡೆ, ಸತ್ತೋದ್ನಾ? ತೌರಿಗೆ ಕಳುಸ್ತೀರಾ, ಕಳ್ಸಿ. ಮೊದ್ಲು ಕೂಸ್ನ ಎತ್ಕಂಡು ಆಸ್ಪತ್ರೆಗೇ ಹೋಯ್ತೀನಿ."

ಚೌಡಮ್ಮ ಕಂಬ ಬಿಟ್ಟು ಎದ್ದಳು. ಹತ್ತಿರ ಬಂದು, ಸೊಸೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ತುಟಿಯ ಮೇಲಿನ ಸಣ್ಣ ಗೆರೆಯ ಮೇಲೆ ಬೆರಳಾಡಿಸಿದಳು.

"ಕೂಸಿಗೂ ಇಷ್ಟೇ ಉಳಿಯಾದಾ?"

"ಇಷ್ಟೇ ಅತ್ತೆ."

"ಹಂಗಾರೆ ಸೋಮವಾರ ನಾನೂ ಬತ್ತೀನಿ." ಕಣ್ಣೊರೆಸಿಕೊಂಡು ಚೌಡಮ್ಮ ಟೀಚರ ಕಡೆ ತಿರುಗಿದಳು. "ಮೇಡಂ, ನಾಳೆ ಈ ಕೂಸಿನ ಮದ್ವೇಲಿ ಯಾರಾದ್ರೂ ಕೇಳುದ್ರೆ, ಕರು ಒದ್ದಿದ್ದು ಅಂದ್ರೆ ನಡೀತದಲ್ವಾ?"