ರೇಷ್ಮೆ ಒಪ್ಪಿದ ಕೈ

ನನ್ನ ಹೆಸರು ಅಮರ್. ಹೆಸರಿಟ್ಟವರ ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ಇಪ್ಪತ್ತೆಂಟಕ್ಕೇ ನನ್ನ ಕಣ್ಣಂಚಿನಲ್ಲಿ ಗೆರೆಗಳು ಬಿದ್ದಿವೆ. ಸೋಂಪುರದಲ್ಲಿ ಮುಖದ ಕ್ರೀಮು ತಯಾರಿಸುವ ಕಾರ್ಖಾನೆಯೊಂದರಲ್ಲಿ ಟ್ಯೂಬಿನ ಮೇಲಿನ ಲೇಬಲ್ ನೆಟ್ಟಗೆ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಒಳಗೇನಿದೆ ಎಂದು ನೋಡುವುದು ಬೇರೆ ವಿಭಾಗದವರದು, ಅವರಿಗೆ ಬಿಳಿ ಕೋಟು ಕೊಟ್ಟಿದ್ದಾರೆ. ಆದರೂ ರೆಟಿನಾಲ್, ನಿಯಾಸಿನಮೈಡ್ ಎಂಬ ಹೆಸರುಗಳು ದಿನಕ್ಕೆ ಸಾವಿರಾರು ಸಲ ಕಣ್ಣ ಮುಂದೆ ಹಾದುಹೋಗುವುದರಿಂದ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಾನು ಅರ್ಧ ಡಾಕ್ಟರು. ಈ ತಪ್ಪು ತಿಳಿವಳಿಕೆಯನ್ನು ನಾನಾಗಿ ತಿದ್ದಲು ಹೋಗಿರಲಿಲ್ಲ.

ನಾನಿರುವುದು ಆದಿಲಕ್ಷ್ಮಮ್ಮನವರ ಮನೆಯ ಮಹಡಿಯ ಕೋಣೆಯಲ್ಲಿ, ಬಾಡಿಗೆಗೆ, ಒಬ್ಬನೇ. ಮದುವೆ ಇನ್ನೂ ಆಗಿಲ್ಲ. ಕೆಳಗೆ ನಾಲ್ಕು ಪವರ್‌ಲೂಮ್. ಅವರ ಯಜಮಾನರು ನರಸಿಂಹಯ್ಯ ಅವನ್ನು ನೋಡಿಕೊಳ್ಳುತ್ತಾರೆ. ಆ ಸದ್ದಿನಲ್ಲೇ ಬದುಕಿ ಮಾತನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದಾರೆ. ಮಗ್ಗದಿಂದ ಇಳಿದ ರೇಷ್ಮೆ ಸೀರೆಯ ಮುಂದಿನ ಕೆಲಸವೆಲ್ಲ ಆದಿಲಕ್ಷ್ಮಮ್ಮನವರದು. ಉಳಿದ ಎಳೆ ಕತ್ತರಿಸಬೇಕು, ಅಂಗೈ ಆಡಿಸಿ ಗಂಟು ಹುಡುಕಬೇಕು, ಸುಕ್ಕು ತೆಗೆದು ಮಡಿಸಬೇಕು. ಅವರಿಗೀಗ ಐವತ್ತೆಂಟು. ಅದರಲ್ಲಿ ನಲವತ್ತು ವರ್ಷ ಸೀರೆಯ ಸುಕ್ಕು ತೆಗೆಯುವುದರಲ್ಲೇ ಕಳೆದಿದೆ.

ಮೂರು ವರ್ಷದ ಹಿಂದೆ ಸೊಸೆ ಮೇಘನ ಶುಕ್ರವಾರ ಸಂಜೆ ನಾಲ್ಕಕ್ಕೆ ಫೋನಿನಲ್ಲಿ ಲೈವ್ ಮಾರಾಟ ಶುರು ಮಾಡಿದಳು. ಪರದೆಯಲ್ಲಿ ಕಾಣುವುದು ಒಂದು ಚಾಪೆ, ಒಂದು ಸೀರೆ, ಸೀರೆ ಬಿಚ್ಚುವ ಆದಿಲಕ್ಷ್ಮಮ್ಮನವರ ಎರಡು ಕೈ. ಮಾತು ಮೇಘನಳದು. ಊರೂರಿನ ಹೆಂಗಸರು ಈ ಕೈಯನ್ನೇ ನೋಡುತ್ತಾ ಕೂತಿರುತ್ತಾರೆ ಎನ್ನುವುದು ಆದಿಲಕ್ಷ್ಮಮ್ಮನವರಿಗೆ ಎಂಥ ಸಂಭ್ರಮವೆಂದರೆ, ಶುಕ್ರವಾರ ಮಧ್ಯಾಹ್ನವೇ ಬಳೆ ಬದಲಾಯಿಸಿ ಕೂತುಬಿಡುತ್ತಿದ್ದರು.

ಜೂನ್ ತಿಂಗಳ ಒಂದು ಶುಕ್ರವಾರ ಯಾರೋ ಕಮೆಂಟ್ ಹಾಕಿದರು: ಸೀರೆ ಚೆನ್ನಾಗಿದೆ, ಅಜ್ಜಿ ಕೈ ಪಕ್ಕಕ್ಕಿಡಿ, ಬಾರ್ಡರ್ ನೋಡ್ಬೇಕು. ಅದಕ್ಕೆ ಇನ್ನಿಬ್ಬರು ನಗುವ ಮುಖ ಅಂಟಿಸಿದರು. ಮೇಘನ ಕೆಟ್ಟವಳಲ್ಲ. ಎರಡು ದಿನ ಬಿಟ್ಟು, ಅತ್ತೆಗೆ ನೋವಾಗದ ಹಾಗೆ, ಪಕ್ಕದ ಮನೆಯ ಮೋನಿಷಾಳನ್ನು ಕೂರಿಸಿಕೊಂಡರೆ ಹೇಗೆ ಎಂದು ಕೇಳಿದಳು. ಮೋನಿಷಾಗೆ ಹತ್ತೊಂಬತ್ತು ವರ್ಷ, ಕೈ ಬೆಣ್ಣೆಯಂತಿದೆ. ಆದಿಲಕ್ಷ್ಮಮ್ಮ ಜಗಳವಾಡಲಿಲ್ಲ. ಆಷಾಢ ಮುಗಿಯುವವರೆಗೆ ಸಮಯ ಕೊಡು, ಶ್ರಾವಣದ ಮೊದಲ ಶುಕ್ರವಾರ ನೀನೇ ನನ್ನ ಕೈ ನೋಡಿ ತೀರ್ಮಾನ ಮಾಡು ಎಂದರಂತೆ.

ಮರುದಿನ ಬೆಳಿಗ್ಗೆ ಮಹಡಿಗೆ ಬಂದು ಎರಡೂ ಕೈಯನ್ನು ಕಟ್ಟೆಯ ಮೇಲೆ ಬೋರಲಾಗಿಟ್ಟರು.

"ನೋಡಪ್ಪಾ. ಇದಕ್ಕೇನಿದೆ ನಿಮ್ ಕಾರ್ಖಾನೇಲಿ?"

ಅರ್ಧ ಡಾಕ್ಟರಿಗೆ ಹುಮ್ಮಸ್ಸು ಬಂತು. ಸುಕ್ಕಿಗೆ ರೆಟಿನಾಲ್‌ಗಿಂತ ಮಿಗಿಲಾದದ್ದಿಲ್ಲ ಎಂದೆ. ಸಂಜೆಯೇ ನೌಕರರ ರಿಯಾಯಿತಿಯಲ್ಲಿ ಒಂದು ಟ್ಯೂಬು ತಂದುಕೊಟ್ಟೆ. ಸಮಯ ಕಡಿಮೆ ಇದೆಯಲ್ಲ ಎಂದು ದಿನಾ ಎರಡು ಹೊತ್ತು ಹಚ್ಚಲು ಹೇಳಿದ್ದು ನನ್ನದೇ ಬುದ್ಧಿ.

ಹತ್ತು ದಿನಕ್ಕೆ ಗೆಣ್ಣುಗಳ ಮೇಲಿನ ಚರ್ಮ ಕೆಂಪಾಗಿ ಸಿಪ್ಪೆ ಏಳತೊಡಗಿತು. ಹಳೇ ಚರ್ಮ ಹೋಗಿ ಹೊಸದು ಬರ್ತಿದೆ ಎಂದು ನಾನು ಧೈರ್ಯ ಹೇಳಿದೆ. ಭಾನುವಾರ ಈರುಳ್ಳಿ ಬಣ್ಣದ ಸೀರೆಯೊಂದನ್ನು ಮಡಿಸುವಾಗ ಆ ಸಿಪ್ಪೆಯ ಒಂದು ಚೂಪು ತುದಿ ಸೆರಗಿನ ಎಳೆಗೆ ಸಿಕ್ಕಿಕೊಂಡಿತು. ಅವರು ಕೈ ಹಿಂದೆಗೆದರು, ಎಳೆಯೂ ಜೊತೆಗೇ ಬಂತು. ಸೆರಗಿನ ಅಡ್ಡಕ್ಕೆ ಒಂದು ಗೇಣು ಉದ್ದ ಬಿಳಿಚಿದ ಗೀಟು. ನಲವತ್ತು ವರ್ಷದಲ್ಲಿ ಆ ಕೈಯಿಂದ ಕೆಟ್ಟ ಮೊದಲ ಸೀರೆ ಅದು.

ನರಸಿಂಹಯ್ಯ ನಾಲ್ಕೂ ಮಗ್ಗ ನಿಲ್ಲಿಸಿದರು. ಸದ್ದು ನಿಂತ ಆ ಮನೆ ನನಗೆ ಗುರುತೇ ಸಿಗಲಿಲ್ಲ. ಅವರು ಸೀರೆ ನೋಡಿದರು, ಹೆಂಡತಿಯ ಕೈ ನೋಡಿದರು, ಕೊನೆಗೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಹೋಗಿ ಮಗ್ಗ ಮತ್ತೆ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಆದಿಲಕ್ಷ್ಮಮ್ಮ ಒಳಗಿನಿಂದ ಟ್ಯೂಬು ತಂದು ನನ್ನ ಕೈಗಿಟ್ಟು, ಓದು ಎಂದರು. ಓದಿದೆ. ಬಟಾಣಿಯಷ್ಟು. ಮೊದಲ ವಾರಗಳಲ್ಲಿ ವಾರಕ್ಕೆ ಎರಡೇ ಸಲ. ರಾತ್ರಿ ಮಾತ್ರ. ಹಗಲು ಬಿಸಿಲಿಗೆ ಸನ್‌ಸ್ಕ್ರೀನ್. ಫಲಿತಾಂಶಕ್ಕೆ ಮೂರು ತಿಂಗಳಾದರೂ ಬೇಕು.

"ಇದನ್ನ ಮುಂಚೆ ಓದಿದ್ಯೇನೋ?"

"ನೆಟ್ಟಗಿದ್ಯಾ ಅಂತ ನೋಡಿದ್ದೀನಿ," ಎಂದೆ. "ಓದಿರ್ಲಿಲ್ಲ."

ಅವರಿಗೆ ನಗು ಬಂದುಬಿಟ್ಟಿತು. ಅಂದಿನಿಂದ ನನ್ನ ಡಾಕ್ಟರಿಕೆ ಮುಗಿದು ಕಾಂಪೌಂಡರ್ ಕೆಲಸ ಶುರುವಾಯಿತು. ಪರೀಕ್ಷೆ ಮಾಡುವುದು ಅವರು. ಪೊಟ್ಟಣ ತಂದು ಓದಿ ಹೇಳುವುದು ನಾನು. ಕೈ ವಾಸಿಯಾಗುವವರೆಗೆ ಮಡಿಸುವುದನ್ನು ಮೇಘನಳಿಗೆ ಬಿಟ್ಟರು. ಆಷಾಢದಲ್ಲಿ ಹೇಗೂ ಮದುವೆಯಿಲ್ಲ, ವ್ಯಾಪಾರ ಮಂದ, ಶುಕ್ರವಾರದ ಲೈವ್‌ಗೂ ರಜೆ.

ಅವರ ಪರೀಕ್ಷೆಯ ವಿಧಾನ ನಮ್ಮ ಬಿಳಿ ಕೋಟಿನವರಿಗೂ ಹೊಳೆದಿರಲಾರದು. ಮಗ್ಗದ ಪಕ್ಕ ಬಿದ್ದಿದ್ದ ರೇಷ್ಮೆ ಚೂರುಗಳನ್ನು ಆಯ್ದು ಮಹಡಿಯ ತಂತಿಗೆ ಸಾಲಾಗಿ ನೇತುಹಾಕಿದರು. ಒಂದೊಂದು ವಸ್ತುವನ್ನು ಕೈ ಹಿಂಬದಿಗೆ ಹಚ್ಚಿ, ಅಕ್ಕಿ ಆರಿಸಿ ಮುಗಿಯುವಷ್ಟು ಹೊತ್ತು ಕಾದು, ಒಂದೊಂದು ಚೂರಿಗೆ ಒತ್ತುವುದು. ಸಂಜೆ ಬಿಸಿಲಿಗೆ ಹಿಡಿದು ನೋಡುವುದು. ಕೊಬ್ಬರಿ ಎಣ್ಣೆ ಉಂಗುರದಂಥ ಕಲೆ ಬಿಟ್ಟಿತು, ಹೊರಗೆ. ವಿಟಮಿನ್ ಸಿ ಸೀರಮ್ಮಿನ ಚೂರು ನಾಲ್ಕನೇ ದಿನ ಹಳದಿಗೆ ತಿರುಗಿತು, ಅದೂ ಹೊರಗೆ. ಸನ್‌ಸ್ಕ್ರೀನ್ ಮೆರೂನ್ ರೇಷ್ಮೆಯ ಮೇಲೆ ಸುಣ್ಣ ಬಳಿದ ಹಾಗೆ ಕಂಡಿತು. ಅದು ಬೇಕೇ ಬೇಕು, ಬಿಸಿಲೇ ಸುಕ್ಕಿಗೆ ಮುಖ್ಯ ಕಾರಣ ಎಂದು ನಾನು ಪಟ್ಟು ಹಿಡಿದೆ. ಈ ಸಲ ಓದಿಕೊಂಡು ಬಂದಿದ್ದೆ. ಹಾಗಾದರೆ ಸಂತೆಗೆ ಹೋಗುವಾಗ ಹಚ್ಚಿ, ಸೀರೆ ಮುಟ್ಟುವ ಮುಂಚೆ ತೊಳೆಯುವುದೆಂದು ರಾಜಿಯಾಯಿತು. ನಿಯಾಸಿನಮೈಡ್ ಇದ್ದ ತೆಳು ಲೋಷನ್ ಪಾಸಾಯಿತು. ಗ್ಲಿಸರಿನ್ ಬರೀ ಹಚ್ಚಿದರೆ ಅಂಟಂಟು. ಅದನ್ನು ಕೈಬಿಡುವುದರಲ್ಲಿದ್ದೆವು. ಅಷ್ಟರಲ್ಲಿ ಅವರು ಕೆಳಗೆ ಹೋಗಿ ಇಸ್ತ್ರಿಗೆ ಇಟ್ಟುಕೊಳ್ಳುವ ನೀರಿನ ಚೊಂಬು ತಂದರು.

"ಒಣಗಿದ್ ಬಟ್ಟೆ ಸುಕ್ಕು ಬಿಡುತ್ತೇನೋ? ಮೊದ್ಲು ನೀರು ಚಿಮುಕಿಸ್ಬೇಕು. ಆಮೇಲೆ ಮಿಕ್ಕಿದ್ದು."

ಒದ್ದೆ ಕೈಗೆ ನಾಲ್ಕು ಹನಿ ಗ್ಲಿಸರಿನ್, ಅದರ ಮೇಲೆ ಲೋಷನ್. ಅಕ್ಕಿ ಆರಿಸಿ ಮುಗಿಯುವ ಹೊತ್ತಿಗೆ ಕೈ ಎಲ್ಲವನ್ನೂ ಕುಡಿದಿತ್ತು. ರೇಷ್ಮೆ ಚೂರು ಹೇಗಿತ್ತೋ ಹಾಗೇ ಇತ್ತು. ಬಟ್ಟೆ ಸೋಪಿನಿಂದ ಕೈ ತೊಳೆಯುವುದನ್ನೂ ಅಂದೇ ಬಿಟ್ಟರು. ಉಳಿದ ರೆಟಿನಾಲ್ ಟ್ಯೂಬನ್ನು ನನಗೇ ವಾಪಸು ಕೊಟ್ಟರು.

"ನೀನೇ ಹಚ್ಕೊ. ನಿನ್ ಮುಖಕ್ಕೆ ಸದ್ಯಕ್ಕೆ ಯಾವ್ ಸೀರೆನೂ ತಾಗಲ್ಲ."

ಶ್ರಾವಣದ ಮೊದಲ ಶುಕ್ರವಾರ ನಾನು ಮೊದಲ ಪಾಳಿ ಮುಗಿಸಿ ಮೂರೂವರೆಗೇ ಮನೆ ಸೇರಿದೆ. ಮೇಘನ ಮುನ್ನೆಚ್ಚರಿಕೆಗೆ ಮೋನಿಷಾಳನ್ನೂ ಕರೆಸಿದ್ದಳು. ಆದಿಲಕ್ಷ್ಮಮ್ಮ ಗೀಟು ಬಿದ್ದ ಆ ಈರುಳ್ಳಿ ಬಣ್ಣದ ಸೀರೆಯನ್ನೇ ಉಟ್ಟು ಬಂದು ಸೊಸೆಯ ಮುಂದೆ ಕೈ ಚಾಚಿದರು. ನಿಜ ಹೇಳಬೇಕೆಂದರೆ ಗೆರೆಗಳು ಎಲ್ಲೂ ಹೋಗಿರಲಿಲ್ಲ. ಕೈಗೊಂದು ಹೊಳಪು ಬಂದಿತ್ತು, ಮೆತ್ತಗಾಗಿತ್ತು, ಅಷ್ಟೇ. ಮೇಘನ ನೋಡಿದಳು, ಮೋನಿಷಾಳ ಕೈಯ ಕಡೆಗೂ ನೋಡಿದಳು.

"ಕಣ್ಣಲ್ಲಿ ನೋಡ್ಬೇಡ ಕಣಮ್ಮ," ಎಂದರು ಆದಿಲಕ್ಷ್ಮಮ್ಮ. "ಫೋನ್ ಹಾಕು."

ಮೇಘನ ಫೋನು ಹಾಕಿದಳು. ಅವರು ಹೊಸ ಸೀರೆಯೊಂದರ ತುದಿ ಹಿಡಿದು, ಬಾರ್ಡರನ್ನು ಗೆಣ್ಣುಗಳ ಮೇಲೆ ಹಾಯಿಸಿ ಎಳೆಯತೊಡಗಿದರು, ಸೆರಗಿನಿಂದ ಇನ್ನೊಂದು ತುದಿಯವರೆಗೆ. ಆರು ಗಜ. ರೇಷ್ಮೆ ಎಲ್ಲೂ ತಡೆಯದೆ ಆ ಸುಕ್ಕುಗಳ ಮೇಲೆ ಜಾರುತ್ತಾ ಹೋಯಿತು. ಮೇಘನ ಮಾತು ಮರೆತಳು. ಮಾತಾಡಿದ್ದು, ಮೂರು ವರ್ಷದಲ್ಲಿ ಮೊದಲ ಸಲ, ಅತ್ತೆ.

"ನೋಡೋರಿಗೆ ಅಜ್ಜಿ ಕೈ, ತಾಯಿ. ರೇಷ್ಮೆಗೇನೂ ತಕರಾರಿಲ್ಲ. ಬಾರ್ಡರ್ ಎರಡೂ ಕಡೆ ತೋರಿಸ್ತೀನಿ, ನೋಡ್ಕೊಳಿ."

ಕಮೆಂಟುಗಳು ಬರತೊಡಗಿದವು. ಮೊದಲು ಸೀರೆಯ ಬಗ್ಗೆ, ಆಮೇಲೆ ಕೈಗೆ ಏನು ಹಚ್ಚುತ್ತೀರಿ ಎಂದು. ಮೇಘನ ಓದಿ ಹೇಳಿದಳು, ಅತ್ತೆ ಉತ್ತರ ಕೊಟ್ಟರು: ಮೊದಲು ನೀರು. ಮೋನಿಷಾ ತಾನಾಗಿಯೇ ಎದ್ದು ಫೋನಿನ ಹಿಂದೆ ಹೋಗಿ ನಿಂತಳು. ಈಗ ಪ್ರತಿ ಶುಕ್ರವಾರ ಫೋನು ಹಿಡಿಯುವುದು ಅವಳು, ಕೈ ಆದಿಲಕ್ಷ್ಮಮ್ಮನವರದೇ. ಮಾತನ್ನು ಅತ್ತೆ ಸೊಸೆ ಹಂಚಿಕೊಂಡಿದ್ದಾರೆ. ಸೊಸೆಗೆ ಸಿಗುವುದು ಸ್ವಲ್ಪ ಕಡಿಮೆ. ನರಸಿಂಹಯ್ಯನವರೂ ಒಂದು ದಿನ ಮಗ್ಗದ ಬಳಿ ಅಂಗೈಗೆ ಗ್ಲಿಸರಿನ್ ಉಜ್ಜಿಕೊಳ್ಳುತ್ತಿದ್ದರು. ನನ್ನನ್ನು ಕಂಡು, ಮಗ್ಗಕ್ಕೆ ಎಣ್ಣೆ ಬಿಡುವವರಂತೆ ಎಣ್ಣೆ ಡಬ್ಬದ ಕಡೆ ತಿರುಗಿದರು.

ನಾನು ವಾರಕ್ಕೆ ಎರಡು ಸಲ, ಬಟಾಣಿಯಷ್ಟು, ರೆಟಿನಾಲ್ ಹಚ್ಚಿಕೊಳ್ಳುತ್ತಿದ್ದೇನೆ. ಗೆರೆಗಳಿಗೆ ಮೂರು ತಿಂಗಳು ಬೇಕೆಂದು ಲೇಬಲ್ ಹೇಳುತ್ತದೆ. ಮುಖಕ್ಕೆ ಸೀರೆ ತಾಗುವ ವಿಚಾರಕ್ಕೆ ಎಷ್ಟು ಬೇಕೆಂದು ಟ್ಯೂಬಿನ ಎರಡೂ ಬದಿ ಹುಡುಕಿದೆ, ಬರೆದಿಲ್ಲ.