ಪುತ್ತೂರಿನಲ್ಲಿ ಬಿಚ್ಚಿದ ಫಲಕ

ಬಸ್ಸು ಪುತ್ತೂರು ನಿಲ್ದಾಣದಲ್ಲಿ ನಿಂತಿತ್ತು. ಗುತ್ತಿಗಾರಿನಿಂದ ಅಮ್ಮನೂ ನಾನೂ ಮಂಗಳೂರಿಗೆ, ಸಲಿಂಗಿಗಳ ಹಕ್ಕಿನ ಮೆರವಣಿಗೆಗೆ ಹೊರಟವರು. ನಾನು ಹಿಂದೆಯೂ ಹೋದದ್ದುಂಟು, ಅಮ್ಮನಿಗೆ ಇದು ಮೊದಲ ಸಲ. ಅವಳೇ ಬರೆದ ರಟ್ಟಿನ ಫಲಕವನ್ನು ನಾನು ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಬಸ್ಸಿನಲ್ಲಿ ಊರಿನವರೇ ತುಂಬಿದ್ದರು. ನಾಳೆ ಅವಳು ಅವರ ನಡುವೆಯೇ ಬದುಕಬೇಕಲ್ಲ.

"ಅದೆಂತ ಮಗ?" ಮುಂದಿನ ಸೀಟಿನಿಂದ ತಿರುಗಿದವರು ನನಗೆ ಕನ್ನಡ ಕಲಿಸಿದ ಲೀಲಾ ಟೀಚರ್.

ನಾನು ತಡವರಿಸುವಷ್ಟರಲ್ಲಿ ಅಮ್ಮ ಪೇಪರು ಹರಿದು ಫಲಕ ಎತ್ತಿ ಹಿಡಿದಳು. ಟೀಚರ್ ಗಟ್ಟಿಯಾಗಿಯೇ ಓದಿದರು: "ನನ್ನ ಮಗ ಸಲಿಂಗಿ, ನನಗೆ ಹೆಮ್ಮೆ." ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಬೀದಿಯಲ್ಲಿ ಕೂಗಿದ್ರೆ ಎಂತ ಸಿಗ್ತದೆ?" ಎಂದರು ಟೀಚರ್.

"ಮೊದಲು ಇವನನ್ನು ಜೈಲಿಗೆ ಹಾಕುವ ಕಾನೂನು ಇತ್ತು ಟೀಚರೇ. ಯಾರದೋ ಮಕ್ಕಳು ಬೀದಿಯಲ್ಲಿ ಕೂಗಿದ್ರು, ಕೋರ್ಟಿಗೂ ಹೋದ್ರು, ಅದು ಹೋಯ್ತು. ಆಗ ನಾನು ಮನೆಯಲ್ಲೇ ಕೂತಿದ್ದೆ. ಇನ್ನು ಇವನಿಗೆ ಮದುವೆಯ ಹಕ್ಕು ಬೇಕು. ಈ ಸಲ ನಾನೂ ಕೂಗುದು."

ಹರಿದ ಪೇಪರನ್ನು ನಾನು ಮುದುಡಿ ಬ್ಯಾಗಿಗೆ ತುರುಕಿದೆ.

ಟೀಚರ್ ಫಲಕವನ್ನು ಇನ್ನೊಮ್ಮೆ ಓದಿ ಕೈ ಚಾಚಿದರು. "ಪೆನ್ನು ಉಂಟಾ ಮಗ? ಹೆಮ್ಮೆಗೆ ಒತ್ತು ಬಿಟ್ಟುಹೋಗಿದೆ. ಅಷ್ಟು ಜನರ ಎದುರು ಹಿಡಿಯುದಲ್ವಾ, ಸರಿ ಇರಲಿ."

ಫಲಕವನ್ನು ಮಡಿಲಲ್ಲಿಟ್ಟು ಆ ಒತ್ತನ್ನು ದಪ್ಪಗೆ ಬರೆದರು. ಈಗ ಬಸ್ಸು ಹೊರಟಿದೆ. ಅಮ್ಮ ಫಲಕವನ್ನು ಕಿಟಕಿಗೆ ಒರಗಿಸಿ, ಅಕ್ಷರ ಹೊರಗಿನವರಿಗೆ ಕಾಣುವಂತೆ ಹಿಡಿದು ಕೂತಿದ್ದಾಳೆ.