ಎಡಗಿವಿಗೆ ದೊಡ್ಡವ್ವ, ಬಲಗಿವಿಗೆ ಅವ್ವ

ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಳೆಯ ಕ್ಯಾಸೆಟ್ಟಿನ ಹಾಡು ಇಳಿಯುವುದು ಆಗದ ಮಾತು ಎಂದವರು ರಾಣೆಬೆನ್ನೂರಿನ ರೇಡಿಯೋ ರಿಪೇರಿ ಅಂಗಡಿಯ ಮಹಾದೇವ ಕಾಕಾ. ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹಿಂದೊಮ್ಮೆ ಹೇಳಿದವರೂ ಅವರೇ. ಹೀಗಾಗಿ ಅವರು ಆಗದು ಅಂದರೆ ನನಗೆ ಹುರುಪು. ನಮ್ಮ ಮನೆತನದ ಮೊದಲ ಪದವೀಧರ ನಾನು, ಕೇಳದವರಿಗೂ ಹೇಳುತ್ತೇನೆ.

ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವ್ವ ಮತ್ತು ದೊಡ್ಡವ್ವ ಹಾಡಿದ ಬೀಸುವ ಪದ. ಕದರಮಂಡಲಗಿಯ ನಮ್ಮ ಪಡಸಾಲೆಯಲ್ಲಿ ಬೀಸುಕಲ್ಲಿನ ಆಚೆ ಒಬ್ಬರು, ಈಚೆ ಒಬ್ಬರು ಕೂತಿದ್ದಾಗ ಅಪ್ಪ ಟೇಪ್‌ರೆಕಾರ್ಡರಿನ ಎರಡು ಮೈಕನ್ನು ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟು ದನಿ ಹಿಡಿದದ್ದು. ಆಮೇಲೆ ಅವ್ವ ಬ್ಯಾಡಗಿಯಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿ ನನ್ನನ್ನು ಓದಿಸಿದಳು. ಆ ಘಾಟಿಗೆ ದನಿ ಒಡೆಯಿತು. ಈಗ ಹಾಡಲು ಬಾಯಿ ತೆರೆದರೆ ಕೆಮ್ಮು. ಅವಳ ಹಾಡು ಉಳಿದಿದ್ದರೆ ಆ ಒಂದೇ ಕ್ಯಾಸೆಟ್ಟಿನಲ್ಲಿ. ಹಾವೇರಿಯಲ್ಲಿ ಜನಪದ ಹಾಡುಗಾರ್ತಿಯರಿಗೆ ಪ್ರಮಾಣಪತ್ರ ಕೊಡುವವರು ಅದರ ಪ್ರತಿ ಕೇಳಿದ್ದರು.

ಟೇಪ್‌ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದೆ. ಹಾಡು ಬಂತು, ಆದರೆ ಸಾಲು ಬಿಟ್ಟು ಸಾಲು ಮೌನ. ಪದವೀಧರನಿಗೆ ತಕ್ಷಣ ಹೊಳೆಯಿತು: ಸೌಂಡ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಕೆಟ್ಟಿದೆ! ಮೂರು ದಿನ ಅದನ್ನು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಮೌನ ಜಗ್ಗಲಿಲ್ಲ. ಕಡೆಗೆ ಮೌನವನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿ, ನನ್ನ ಜಾಣತನಕ್ಕೆ ನಾನೇ ತಲೆದೂಗಿ ದೊಡ್ಡವ್ವನಿಗೆ ಕೇಳಿಸಿದೆ.

ಆಕೆ ಹೌಹಾರಿದಳು. "ಯಪ್ಪಾ, ನಿಮ್ಮವ್ವ ಎಲ್ಲಿ ಹೋದ್ಲೋ?"

"ನಡುವ ಖಾಲಿ ಇತ್ತು ದೊಡ್ಡವ್ವ. ಕತ್ತರಿಸಿ ಒಗದೆ."

"ಖಾಲಿ ಅಂತ ಖಾಲಿ! ನಾ ಒಂದು ಸೊಲ್ಲು, ಆಕಿ ಒಂದು ಸೊಲ್ಲು. ಎಲ್ಲಾ ಒಬ್ಬಾಕೀನ ಹಾಡಿದ್ರ ಬೀಸ್ತಾ ಬೀಸ್ತಾ ದಮ್ಮು ಯಾವಾಗ ತಗೋಬೇಕೋ ಶ್ಯಾಣ್ಯಾ? ನಾ ಈ ಕಡೆ ಮೈಕಿನಾಗ ಅದೇನಿ, ಆಕಿ ಆ ಕಡೆ ಮೈಕಿನಾಗ ಅದಾಳ!"

ಸ್ಟೀರಿಯೋ ಎಂದರೆ ಎಡಕ್ಕೊಂದು ಬಲಕ್ಕೊಂದು ದಾರಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಅಕ್ಷರ ಕಲಿಯದ ದೊಡ್ಡವ್ವ ಅದನ್ನು ಬೀಸುಕಲ್ಲಿನ ಮುಂದೆ ಕೂತು ತಿಳಿದಿದ್ದಳು. ನಾನು ಕತ್ತರಿಸಿ ಒಗೆದದ್ದು ಅವ್ವನ ಸರದಿಯನ್ನು.

ಪುಣ್ಯಕ್ಕೆ ಕ್ಯಾಸೆಟ್ ಇತ್ತು. ಕಾಕಾನ ಅಂಗಡಿಗೆ ಓಡಿದೆ. ನಾನು ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದ್ದ ತೂತು ನೋಡಿ ಅವರು ನಕ್ಕರು. "ಇದು ಬರೇ ಮೈಕಿನ ತೂತಲೇ, ಇದಕ್ಕ ಒಂದ ಕಿವಿ. ಪಾಪ, ಡ್ರೈವರ್ ಏನ್ ಮಾಡೀತು?"

ಎರಡೂ ಕಡೆಯ ದನಿ ಒಳಬಿಡುವ ಹೊರಗಿನ ಸೌಂಡ್ ಕಾರ್ಡೊಂದನ್ನು ಹುಡುಕಿ ಕೊಟ್ಟರು. ಲಿನಕ್ಸ್ ಯಾವ ಡ್ರೈವರನ್ನೂ ಕೇಳದೆ ಅದನ್ನು ಗುರುತಿಸಿತು. ಸೆಟ್ಟಿಂಗಿನಲ್ಲಿ ಮೊನೊ, ಅಂದರೆ ಒಂದೇ ದಾರಿ, ಅಂತಿದ್ದದ್ದನ್ನು ಸ್ಟೀರಿಯೋ ಮಾಡಿದೆ. "ಇದೊಂದ ಸಲ ತಿರಗತೈತಿ ನೋಡು. ಟೇಪ್ ಭಾಳ ಹಳೇದಾಗೇತಿ" ಎಂದು ಕಾಕಾ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು ಟೇಪಿನ ಗುಂಡಿ ಒತ್ತಿದರು.

ಎಡಗಿವಿಯಲ್ಲಿ ದೊಡ್ಡವ್ವ ಹಾಡಿ ನಿಲ್ಲಿಸಿದಳು. ಬಲಗಿವಿಯಲ್ಲಿ ಕೆಮ್ಮಿಲ್ಲದ, ಗಂಟೆಯಂಥ ದನಿಯೊಂದು ಎದ್ದಿತು. ನಾನು ಬೆಚ್ಚಿ ಹೆಡ್‌ಫೋನ್ ಕಿತ್ತೆ. ಇದು ನಮ್ಮವ್ವನೇ? ಏನನ್ನು ಕೊಟ್ಟು ಅವಳು ನನ್ನನ್ನು ಓದಿಸಿದಳೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಕೇಳಿಸಿದ್ದು ಆಗಲೇ.

ಹಾವೇರಿಯ ವೇದಿಕೆಯಲ್ಲಿ ಇಬ್ಬರ ಹೆಸರೂ ಇದ್ದ ಪ್ರಮಾಣಪತ್ರ ಕೊಟ್ಟರು. ಇಳಿದು ಬಂದ ಅವ್ವ ಅದನ್ನು ನನ್ನ ಕೈಗಿಟ್ಟಳು. ದೊಡ್ಡವ್ವ ಅದನ್ನು ಕಸಿದು ಮಗುಚಿ, ಹಿಂಬದಿ ನೋಡಿ ನನಗೆ ಬೆರಳು ತೋರಿಸಿದಳು:

"ಯಪ್ಪಾ, ಈ ಕಡೆ ಖಾಲಿ ಐತಿ ಅಂತ ಮತ್ತ ಕತ್ತರಿ ಹಾಕಬ್ಯಾಡ!"